ಐದು ಕಾಯಿಲೆ, ನಾಲ್ವರು ಡಾಕ್ಟರು, ಹನ್ನೊಂದು ಮಾತ್ರೆ: ಇಂಥ ರೋಗಿಯನ್ನು ತಾಲ್ಲೂಕು ಆಸ್ಪತ್ರೆಯಲ್ಲಿ ನೋಡಿಕೊಳ್ಳುವುದು ಹೇಗೆ?

ತಾಲ್ಲೂಕು ವೈದ್ಯ

ಎನ್‌ಸಿಡಿ (ಬಿಪಿ, ಶುಗರಿನಂಥ ಅಂಟದ ಕಾಯಿಲೆಗಳ) ಕ್ಲಿನಿಕ್ಕಿನಲ್ಲಿ ಬಿಪಿ, ಶುಗರ್ ನೋಡಿ ಒಂದು ತಿಂಗಳ ಮಾತ್ರೆ ಕೊಟ್ಟು ಕಳಿಸುತ್ತೇವೆ. ಒಂದೇ ಕಾಯಿಲೆ ಇದ್ದವರಿಗೆ ಅಷ್ಟು ಸಾಕು. ಮೂರು ನಾಲ್ಕು ಕಾಯಿಲೆ ಒಟ್ಟಿಗೆ ಇರುವವರಿಗೆ ಸಾಲುವುದಿಲ್ಲ. ಹದಿನೈದು ದಿನಕ್ಕೊಂದು ಮಧ್ಯಾಹ್ನ ಅಂಥವರಿಗಾಗಿಯೇ ಬೇರೆ ಕ್ಲಿನಿಕ್ ಶುರು ಮಾಡಬೇಕೆಂದಿದ್ದೇವೆ. ತಲಾ ನಲವತ್ತು ನಿಮಿಷ, ಒಂದು ಮಧ್ಯಾಹ್ನಕ್ಕೆ ಐದಾರು ಜನರಿಗಿಂತ ಹೆಚ್ಚಿಲ್ಲ.

ಮಾತು ಗಾಳಿಯಲ್ಲಿ ತೇಲದಿರಲೆಂದು ಒಂದು ಮಾದರಿ ರೋಗಿಯನ್ನು ಎದುರಿಗಿಟ್ಟುಕೊಳ್ಳೋಣ. 72 ವರ್ಷದ ಹೆಂಗಸು, ತೂಕ 50 ಕೆ.ಜಿ. ಹಳೆಯ ಸಕ್ಕರೆ ಕಾಯಿಲೆ, ಬಿಪಿ, ಕಿಡ್ನಿ ತೊಂದರೆ (ಕಿಡ್ನಿ ಎಷ್ಟು ಸೋಸುತ್ತದೆ ಎಂಬ ಅಳತೆ, ಇಜಿಎಫ್‌ಆರ್, 38), ಹೋದ ವರ್ಷ ಎಡಗಡೆಗೆ ಸಣ್ಣ ಲಕ್ವ, ಎರಡೂ ಮಂಡಿ ಸವೆದಿವೆ. ಮಾತ್ರೆಗಳು (ಅಂಕಿಗಳು ಮಿ.ಗ್ರಾಂ): ಶುಗರ್‌ಗೆ ಮೆಟ್‌ಫಾರ್ಮಿನ್ 1000 ಎರಡು ಹೊತ್ತು, ಗ್ಲಿಬೆನ್‌ಕ್ಲಾಮೈಡ್, ಬಿಪಿಗೆ ಅಮ್ಲೋಡಿಪಿನ್ 10, ಟೆಲ್ಮಿಸಾರ್ಟನ್ 40, ಮೂತ್ರ ಹೆಚ್ಚಿಸುವ ನೀರಿನ ಮಾತ್ರೆ ಫ್ಯೂರೊಸಮೈಡ್, ರಕ್ತ ಹೆಪ್ಪುಗಟ್ಟದಿರಲು ಆಸ್ಪಿರಿನ್, ಕ್ಲೊಪಿಡೊಗ್ರೆಲ್, ಕೊಲೆಸ್ಟ್ರಾಲ್‌ಗೆ ಅಟೊರ್ವಸ್ಟಾಟಿನ್, ಹೊಟ್ಟೆಯ ಆಸಿಡ್‌ಗೆ ಪ್ಯಾಂಟೊಪ್ರಜೋಲ್, ಕಾಲುರಿಗೆ ರಾತ್ರಿ ಅಮಿಟ್ರಿಪ್ಟಿಲಿನ್ 25, ಮಂಡಿನೋವಿಗೆ ಅಂಗಡಿಯಿಂದ ತಂದ ಅಸೆಕ್ಲೊಫೆನಾಕ್. ಬರೆದವರು ಬೇರೆಬೇರೆ, ಒಬ್ಬರ ಚೀಟಿ ಇನ್ನೊಬ್ಬರು ನೋಡಿಲ್ಲ.

ಎಲ್ಲಿಂದ ಹಿಡಿಯಬೇಕು?

ಫಾರ್ಮಸಿ ಮೈಸೂರು

ಚೀಟಿಯಿಂದ ಅಲ್ಲ ಸರ್, ಚೀಲದಿಂದ. ಮೊದಲ ಭೇಟಿಗೆ ಬರುವಾಗ ಮನೆಯಲ್ಲಿರುವ ಎಲ್ಲವನ್ನೂ ಒಂದು ಚೀಲಕ್ಕೆ ಹಾಕಿಕೊಂಡು ಬನ್ನಿ ಎಂದು ಆಶಾ ಮೂಲಕ ಹೇಳಿ ಕಳಿಸಿ. ಫ್ರಿಜ್ಜಿನಲ್ಲಿರೋದು, ದೇವರ ಗೂಡಿನ ಪಕ್ಕ ಇಟ್ಟಿರೋದು, ಚೂರ್ಣ, ಕಷಾಯ, ಕಣ್ಣಿನ ಡ್ರಾಪ್ಸ್, ಮುಲಾಮು, ನೋವಿನ ಮಾತ್ರೆ, ಯಾವುದನ್ನೂ ಬಿಡಬಾರದು. "ನೋವಿಗೆ ಏನು ತಗೋತೀರಿ?" ಎಂದು ಬೇರೆಯಾಗಿಯೇ ಕೇಳಬೇಕು. ಅಂಗಡಿಯಲ್ಲಿ ಕೊಂಡದ್ದನ್ನು ಜನ ಔಷಧಿಯ ಲೆಕ್ಕಕ್ಕೇ ಸೇರಿಸುವುದಿಲ್ಲ.

ಟೇಬಲ್ ಮೇಲೆ ಸುರಿದು ಸ್ಟ್ರಿಪ್ಪಿನ ಹಿಂಬದಿಯ ಸಣ್ಣ ಅಕ್ಷರ ಓದಿ. ಒಂದೇ ಔಷಧಿ ಎರಡು ಬ್ರ್ಯಾಂಡ್ ಹೆಸರಿನಲ್ಲಿ ಇರುವುದು ತೀರಾ ಸಾಮಾನ್ಯ. ಆಸ್ಪತ್ರೆಯಿಂದ ಕೊಟ್ಟ ಟೆಲ್ಮಿಸಾರ್ಟನ್ ಒಂದು, ಖಾಸಗಿ ಡಾಕ್ಟರು ಬರೆದ ಕಾಂಬಿನೇಷನ್ ಮಾತ್ರೆಯೊಳಗೆ ಇನ್ನೊಂದು. ಹೆಸರಿನ ಬಾಲದಲ್ಲಿ ‘ಎಂ’ ಇದ್ದರೆ ಸಾಮಾನ್ಯವಾಗಿ ಮೆಟ್‌ಫಾರ್ಮಿನ್, ‘ಎಎಂ’ ಇದ್ದರೆ ಅಮ್ಲೋಡಿಪಿನ್, ‘ಎಚ್’ ಇದ್ದರೆ ನೀರಿನ ಮಾತ್ರೆ ಸೇರಿರುತ್ತದೆ. ಆದರೂ ಬಾಲ ನೋಡಿಯೇ ತೀರ್ಮಾನ ಮಾಡಬೇಡಿ.

ಇನ್ಸುಲಿನ್ ಇರುವವರಾದರೆ ಸಿರಿಂಜೂ ಚೀಲದಲ್ಲಿರಲಿ. ನಮ್ಮಲ್ಲಿ ವಯಲ್ (ಇನ್ಸುಲಿನ್ ಬಾಟಲಿ) ಹೆಚ್ಚಾಗಿ ಒಂದು ಮಿ.ಲೀ.ಗೆ 40 ಯೂನಿಟ್‌ನದು, ಪೆನ್ ಕಾರ್ಟ್ರಿಡ್ಜ್ 100 ಯೂನಿಟ್‌ನದು. ಕೆಂಪು ಕ್ಯಾಪಿನ ಸಿರಿಂಜು 40ಕ್ಕೆ, ಕಿತ್ತಳೆ ಕ್ಯಾಪಿನದು 100ಕ್ಕೆ. 100ರ ಇನ್ಸುಲಿನ್ನನ್ನು ಕೆಂಪು ಸಿರಿಂಜಿನಲ್ಲಿ ಎಳೆದರೆ ದೇಹಕ್ಕೆ ಹೋಗುವುದು ಎರಡೂವರೆ ಪಟ್ಟು.

ಎನ್‌ಸಿಡಿ ಸಿಸ್ಟರ್

ಚೀಲ ಬಿಚ್ಚುವ ಮೊದಲು ಆಯಮ್ಮನ ಹತ್ತಿರ ಐದು ನಿಮಿಷ ಮಾತಾಡಿ ಸರ್, ಒಬ್ಬರೇ ಇದ್ದಾಗ. ಜೊತೆಗೆ ಬಂದ ಮಗನನ್ನೋ ಸೊಸೆಯನ್ನೋ ಚೀಟಿ ಮಾಡಿಸೋಕೆ ಕಳಿಸಿ, ಬಿಪಿ ನೋಡುವ ನೆಪದಲ್ಲಿ ಕೂರಿಸಿಕೊಳ್ಳಿ. ಮನೆಯವರ ಎದುರು ಯಾರೂ ಬಾಯಿ ಬಿಡೋದಿಲ್ಲ.

"ನಿಮಗೆ ಏನು ಮುಖ್ಯ?" ಅಂದರೆ "ಆರಾಮಾದ್ರೆ ಸಾಕು" ಅಂತಾರೆ, ಅದರಿಂದ ಏನೂ ಸಿಗೋದಿಲ್ಲ. "ಹೋದ ವರ್ಷ ನೀವೇ ಮಾಡ್ಕೊಳ್ತಿದ್ದ ಯಾವ ಕೆಲಸ ಈಗ ಆಗ್ತಿಲ್ಲ? ಅದರಲ್ಲಿ ಯಾವುದು ವಾಪಸ್ ಬರಬೇಕು?" ಅಂತ ಕೇಳಿ. "ಇಷ್ಟು ಮಾತ್ರೇಲಿ ಯಾವುದನ್ನ ಆಗಾಗ ಬಿಟ್ಟುಬಿಡ್ತೀರಿ?" ಅಂತನೂ ಕೇಳಿ, ಬೈಯೋ ದನಿಯಲ್ಲಿ ಬೇಡ. ಈ ವಯಸ್ಸಿನವರಲ್ಲಿ ಬಹಳ ಸಲ ಬರೋ ಉತ್ತರ: "ರಾತ್ರಿ ಬಚ್ಚಲಿಗೆ ನಾನೇ ಎದ್ದು ಹೋಗೋ ಹಾಗಾಗ್ಬೇಕು, ಯಾರನ್ನೂ ಎಬ್ಬಿಸ್ಬಾರದು." ಅದನ್ನ ಅವರ ಮಾತಲ್ಲೇ, ನಾವು ರೋಗಿಗೆ ಬರೆದುಕೊಡೋ ಹಾಳೆಯ ಮೇಲ್ತುದಿಯಲ್ಲಿ ಬರೆಯಿರಿ. ‘ಚಲನಶೀಲತೆ ಸುಧಾರಣೆ’ ಅಂತೆಲ್ಲ ಬರೆದರೆ ಮುಂದಿನವರಿಗೆ ಏನೂ ತಿಳಿಯೋದಿಲ್ಲ.

ಜನರಲ್ ಮೆಡಿಸಿನ್

ಸಿಸ್ಟರ್ ಹೇಳಿದ ಆ ಒಂದು ಸಾಲನ್ನೇ ಹಿಡಿದುಕೊಂಡು ಹನ್ನೊಂದು ಮಾತ್ರೆಗಳನ್ನು ಓದಿ ನೋಡಿ. ರಾತ್ರಿ ಎದ್ದು ಹೋಗುವಾಗ ಈಕೆಯನ್ನು ಬೀಳಿಸಬಲ್ಲದ್ದು ಯಾವುದು?

ಮೊದಲನೆಯದು ಗ್ಲಿಬೆನ್‌ಕ್ಲಾಮೈಡ್. ಇದು ದೇಹದಲ್ಲಿ ಒಡೆದ ಮೇಲೂ ಕೆಲಸ ಮಾಡುವ ಅಂಶಗಳು ಉಳಿಯುತ್ತವೆ, ಅವು ಹೊರಹೋಗಬೇಕಾದದ್ದು ಕಿಡ್ನಿಯಿಂದ. ಕಿಡ್ನಿ ಸೋತಾಗ ಅವು ಸೇರಿಕೊಂಡು ನಡುರಾತ್ರಿ ಶುಗರ್ ಕುಸಿಯುತ್ತದೆ. ಬೆವರಿ ಬಟ್ಟೆ ಒದ್ದೆಯಾಗುವುದು, ಕೆಟ್ಟ ಕನಸು, ಬೆಳಗ್ಗೆ ತಲೆನೋವು, ಈ ಮೂರನ್ನು ಹೆಸರು ಹೇಳಿಯೇ ಕೇಳಿ. ಗ್ಲುಕೊಮೀಟರ್ ಇದ್ದರೆ ಎರಡು ಮೂರು ರಾತ್ರಿ 3 ಗಂಟೆಗೆ ನೋಡಿಸಿ.

ಎರಡನೆಯದು ಅಮಿಟ್ರಿಪ್ಟಿಲಿನ್. ಬಾಯಿ ಒಣಗುತ್ತದೆ, ಮಲ ಕಟ್ಟುತ್ತದೆ, ಮೂತ್ರ ಪೂರ್ತಿ ಹೋಗದೆ ಮತ್ತೆ ಮತ್ತೆ ಏಳಬೇಕಾಗುತ್ತದೆ, ಎದ್ದಾಗ ಬಿಪಿ ಇಳಿಯುತ್ತದೆ, ಮಂಪರು ಬೇರೆ.

ಮೂರನೆಯದು ಸರಪಳಿ. ಅಮ್ಲೋಡಿಪಿನ್ 10ರಿಂದ ಕಾಲು ಬಾತಿದೆ, ಆ ಬಾವು ಇಳಿಯಲೆಂದು ಇನ್ಯಾರೋ ಫ್ಯೂರೊಸಮೈಡ್ ಸೇರಿಸಿದ್ದಾರೆ. ಆ ಬಾವು ಮೈಯಲ್ಲಿ ನೀರು ಹೆಚ್ಚಾಗಿ ಬಂದದ್ದಲ್ಲ, ರಕ್ತನಾಳ ಹಿಗ್ಗಿ ಬಂದದ್ದು. ನೀರಿನ ಮಾತ್ರೆಗೆ ಅದು ಜಗ್ಗುವುದಿಲ್ಲ. ಮೂತ್ರ ಮಾತ್ರ ಹೆಚ್ಚುತ್ತದೆ, ಬಿಪಿ ಇಳಿಯುತ್ತದೆ. ಹೃದಯದ ತೊಂದರೆ ಇಲ್ಲವೆಂದು ಮೊದಲು ಖಚಿತ ಮಾಡಿಕೊಂಡು, ಅಮ್ಲೋಡಿಪಿನ್ 5ಕ್ಕೆ ಇಳಿಸಿ, ಆಮೇಲೆ ಫ್ಯೂರೊಸಮೈಡ್ ಬಿಡಿಸಿ. ಬಿಡಿಸುವ ತನಕ ಅದು ಬೆಳಗ್ಗೆಯೇ ಹೋಗಲಿ. ನುಂಗಿದ ಮೇಲೆ ಸುಮಾರು ಆರು ಗಂಟೆ ಅದರ ಕೆಲಸ ನಡೆಯುತ್ತದೆ, ಸಂಜೆ ಕೊಟ್ಟರೆ ರಾತ್ರಿಯ ನಿದ್ದೆ ಹೋಯಿತು.

ಇದರ ಜೊತೆಗೆ ನಿಂತಾಗಿನ ಬಿಪಿ. ಐದು ನಿಮಿಷ ಮಲಗಿಸಿ ಒಂದು ಸಲ, ನಿಲ್ಲಿಸಿ 1 ನಿಮಿಷಕ್ಕೆ ಮತ್ತು 3 ನಿಮಿಷಕ್ಕೆ. ಮೇಲಿನದು 20 ಅಥವಾ ಕೆಳಗಿನದು 10 ಇಳಿದರೆ ಬೀಳುವ ಅಪಾಯ ಇದೆ ಎಂದೇ ಅರ್ಥ. ಕುರ್ಚಿಯಲ್ಲಿ ಕೂರಿಸಿ ನೋಡಿದ 150/80 ಎಂಬ ಒಂದೇ ಅಂಕಿಗೆ ಇನ್ನೊಂದು ಮಾತ್ರೆ ಏರಿಸುವುದು ನಮ್ಮ ಓಪಿಡಿಗಳಲ್ಲಿ ದಿನವೂ ಆಗುವ ಹಾನಿ. ಲಕ್ವ ಹೊಡೆದ ಕೈಯಲ್ಲಿ ಬಿಪಿ ನೋಡಬೇಡಿ, ಅಂಕಿ ತಪ್ಪಬಹುದು.

ಫಾರ್ಮಸಿ ಮೈಸೂರು

ಎಲ್ಲವನ್ನೂ ಒಂದೇ ದಿನ ಬದಲಿಸಬೇಡಿ. ಏನಾದರೂ ಏರುಪೇರಾದರೆ ಯಾವುದರಿಂದ ಎಂದು ಗೊತ್ತಾಗುವುದಿಲ್ಲ, ಮನೆಯವರೂ ಗಾಬರಿಯಾಗಿ ಹಳೆಯದಕ್ಕೇ ಹೋಗುತ್ತಾರೆ. ನಾನು ಹಾಕುವ ಕ್ರಮ ಇದು.

ಮೊದಲ ದಿನವೇ ಮೂರು ಕೆಲಸ. ಗ್ಲಿಬೆನ್‌ಕ್ಲಾಮೈಡ್ ನಿಲ್ಲಲಿ. ಅಸೆಕ್ಲೊಫೆನಾಕ್ ನಿಲ್ಲಲಿ: ಟೆಲ್ಮಿಸಾರ್ಟನ್, ನೀರಿನ ಮಾತ್ರೆ, ನೋವಿನ ಮಾತ್ರೆ ಮೂರೂ ಸೇರಿದರೆ ಕಿಡ್ನಿ ಕೆಲವೇ ದಿನಗಳಲ್ಲಿ ಕೈಕೊಡಬಹುದು. ಬದಲಿಗೆ ಪ್ಯಾರಸಿಟಮಾಲ್ 500, ದಿನಕ್ಕೆ ಮೂರು ನಾಲ್ಕು ಸಲ, ಬೇಡಿದಾಗ ಅಲ್ಲ, ಹೊತ್ತು ಹೊತ್ತಿಗೆ. ಮೆಟ್‌ಫಾರ್ಮಿನ್ ದಿನಕ್ಕೆ ಒಟ್ಟು 2000ದಿಂದ 1000ಕ್ಕೆ ಇಳಿಯಲಿ, ಇಜಿಎಫ್‌ಆರ್ 45ರ ಕೆಳಗೆ ಅಷ್ಟೇ ಮಿತಿ, 30ರ ಕೆಳಗೆ ಪೂರ್ತಿ ಬಂದ್. ಶುಗರ್‌ಗೆ ಬದಲಿ ಬೇಕೆನಿಸಿದರೆ ಲಿನಾಗ್ಲಿಪ್ಟಿನ್ 5, ಕಿಡ್ನಿ ನೋಡಿ ಡೋಸ್ ಬದಲಿಸಬೇಕಿಲ್ಲ. ಸ್ಟಾಕ್ ಇಲ್ಲದಿದ್ದರೆ ಗ್ಲಿಪಿಜೈಡ್ 2.5, ಊಟಕ್ಕೆ ಮುಂಚೆ. ಊಟ ಬಿಟ್ಟರೆ ಅದನ್ನೂ ಬಿಡಬೇಕು.

ಎರಡು ವಾರದ ಮೇಲೆ ರಕ್ತದಲ್ಲಿ ಕ್ರಿಯಾಟಿನಿನ್ (ಕಿಡ್ನಿಯ ಪರೀಕ್ಷೆ), ಪೊಟ್ಯಾಸಿಯಂ ನೋಡಿ ಅಮ್ಲೋಡಿಪಿನ್ ಇಳಿಸುವುದು. ಅದಾದ ಮೇಲೆ ಫ್ಯೂರೊಸಮೈಡ್. ಅಮಿಟ್ರಿಪ್ಟಿಲಿನ್ ಕೊನೆಗೆ, 25ರಿಂದ 10ಕ್ಕೆ ಇಳಿಸಿ ಎರಡು ವಾರ ಇಟ್ಟು ನಿಲ್ಲಿಸಿ. ಉರಿ ತಿರುಗಿ ಬಂದರೆ ಗ್ಯಾಬಪೆಂಟಿನ್ 100 ರಾತ್ರಿ, ಕಿಡ್ನಿಗೆ ತಕ್ಕಂತೆ ನಿಧಾನವಾಗಿ ಏರಿಸಿ. ಅದೂ ತಲೆ ತಿರುಗಿಸಬಹುದು, ಕಾಲು ಬಾತುಕೊಳ್ಳಬಹುದು, ಮೊದಲೇ ಹೇಳಿಟ್ಟಿರಿ. ಕಾಲುರಿ ಎಂದಾಕ್ಷಣ ವಿಟಮಿನ್ ಬಿ12 ಪರೀಕ್ಷೆ ಮಾಡಿಸಿ: ಮೆಟ್‌ಫಾರ್ಮಿನ್ ಮತ್ತು ಪ್ಯಾಂಟೊಪ್ರಜೋಲ್ ಎರಡೂ ವರ್ಷಗಟ್ಟಲೆ ಹೋದರೆ ಬಿ12 ಕಡಿಮೆಯಾಗುತ್ತದೆ.

ಆಸ್ಪಿರಿನ್, ಕ್ಲೊಪಿಡೊಗ್ರೆಲ್ ಜೋಡಿಯನ್ನು ನೀವೇ ಮುಟ್ಟಬೇಡಿ, ಆದರೆ ಪ್ರಶ್ನೆ ಮಾಡದೆ ಬಿಡಲೂ ಬೇಡಿ. ಸಣ್ಣ ಲಕ್ವದ ನಂತರ ಎರಡನ್ನೂ ಒಟ್ಟಿಗೆ ಕೊಡುವುದು ಸಾಮಾನ್ಯವಾಗಿ 21 ದಿನ, ಕೆಲವರಿಗೆ 90 ದಿನ. ಆಮೇಲೆ ಒಂದೇ. ಹೃದಯಕ್ಕೆ ಸ್ಟೆಂಟ್ ಹಾಕಿದ್ದರೆ ಲೆಕ್ಕ ಬೇರೆ. ಡಿಸ್‌ಚಾರ್ಜ್ ಸಮರಿಯಲ್ಲಿ ಕೊನೆಯ ದಿನಾಂಕ ಬರೆಯದೆ ಬಿಟ್ಟಿರುತ್ತಾರೆ, ಜನ ವರ್ಷಾನುಗಟ್ಟಲೆ ನುಂಗುತ್ತಲೇ ಇರುತ್ತಾರೆ. ನ್ಯೂರೋ ಡಾಕ್ಟರಿಗೆ ಮೂರು ಸಾಲಿನ ಪತ್ರ ಬರೆದು ರೋಗಿಯ ಕೈಯಲ್ಲೇ ಕೊಟ್ಟು ಕಳಿಸಿ. ಒಂದು ನಿಂತರೆ ಪ್ಯಾಂಟೊಪ್ರಜೋಲ್ ಬೇಕೇ ಎಂದೂ ಆಗ ನೋಡಬಹುದು.

ತಾಲ್ಲೂಕು ವೈದ್ಯ

ಎರಡು ಆಕ್ಷೇಪ. ಗ್ಲಿಬೆನ್‌ಕ್ಲಾಮೈಡ್ ನಿಲ್ಲಿಸಿ ಮೆಟ್‌ಫಾರ್ಮಿನ್ ಅರ್ಧ ಮಾಡಿದರೆ ಎಚ್‌ಬಿಎ1ಸಿ (ಸುಮಾರು ಮೂರು ತಿಂಗಳ ಸರಾಸರಿ ಶುಗರ್) 7ರಿಂದ 8ಕ್ಕೆ ಹೋಗುತ್ತದೆ. ಮಗ ರಿಪೋರ್ಟ್ ಹಿಡಿದು "ಶುಗರ್ ಜಾಸ್ತಿ ಮಾಡಿದ್ರಲ್ಲ" ಎಂದು ಬರುತ್ತಾನೆ. ಇನ್ನೊಂದು, ಕಿಡ್ನಿ ಉಳಿಸಲು ಡಪಾಗ್ಲಿಫ್ಲೊಜಿನ್ ಕೊಡಬೇಕು ಎನ್ನುತ್ತಾರಲ್ಲ?

ಜನರಲ್ ಮೆಡಿಸಿನ್

ಇಷ್ಟು ಕಾಯಿಲೆ ಇರುವ ಹಿರಿಯರಿಗೆ ಎಚ್‌ಬಿಎ1ಸಿ 8ರ ಒಳಗಿದ್ದರೆ ಸಾಕು, ಖಾಲಿ ಹೊಟ್ಟೆಯಲ್ಲಿ 90ರಿಂದ 150, ಮಲಗುವಾಗ 100ರಿಂದ 180. ರಕ್ತಹೀನತೆ ಇದ್ದರೆ ಎಚ್‌ಬಿಎ1ಸಿಯನ್ನು ಪೂರ್ತಿ ನಂಬುವ ಹಾಗೂ ಇಲ್ಲ. 7ಕ್ಕೆ ಇಳಿಸಿದ್ದರ ಲಾಭ ಕಾಣಲು ವರ್ಷಗಳು ಬೇಕು. ಒಂದು ರಾತ್ರಿ ಶುಗರ್ 50ಕ್ಕೆ ಇಳಿದು ಬಚ್ಚಲಲ್ಲಿ ಬಿದ್ದು ತೊಡೆಮೂಳೆ ಮುರಿದರೆ ಆ ವರ್ಷಗಳೇ ಸಿಗದಿರಬಹುದು. ಮಗನಿಗೆ ಹೀಗೇ ಹೇಳಿ, ರೋಗಿಯ ಎದುರಿಗೇ ಹೇಳಿ. ಹಾಳೆಯ ಮೇಲೆ ಗುರಿಯ ಅಂಕಿ ಬರೆದುಕೊಡಿ. ಬರೆದದ್ದು ಕೈಯಲ್ಲಿದ್ದರೆ ಮುಂದಿನ ಲ್ಯಾಬಿನವರು ಕೆಂಪಕ್ಷರ ಹಾಕಿದರೂ ಹೆದರುವುದಿಲ್ಲ.

ಡಪಾಗ್ಲಿಫ್ಲೊಜಿನ್ ಒಳ್ಳೆಯ ಔಷಧಿ, ಇಜಿಎಫ್‌ಆರ್ 25ರವರೆಗೂ ಶುರು ಮಾಡಬಹುದು. ಕಿಡ್ನಿಗೂ ಹೃದಯಕ್ಕೂ ಲಾಭ ಇದೆ. ಆದರೆ ಮೂತ್ರ ಹೆಚ್ಚುತ್ತದೆ, ಗುಪ್ತಾಂಗದಲ್ಲಿ ಫಂಗಸ್ ತುರಿಕೆ ಬರಬಹುದು. ರಾತ್ರಿ ಏಳುವುದೇ ದೊಡ್ಡ ಕಷ್ಟ ಎನ್ನುವವರಿಗೆ ಅದನ್ನು ಮೊದಲ ತಿಂಗಳೇ ಕೊಡಬಾರದು. ಫ್ಯೂರೊಸಮೈಡ್ ನಿಂತು, ನಡಿಗೆ ಗಟ್ಟಿಯಾದ ಮೇಲೆ, ಲಾಭ ತೊಂದರೆ ಎರಡನ್ನೂ ಹೇಳಿ ಆಕೆಯನ್ನೇ ಕೇಳಿ. ಬೇಡ ಎಂದರೆ ಅದನ್ನೂ ಬರೆದಿಡಿ, ಆರು ತಿಂಗಳ ಮೇಲೆ ಮತ್ತೆ ಕೇಳಿ.

ಫಿಸಿಯೋ ಹುಬ್ಬಳ್ಳಿ

ಗುಳಿಗಿ ಮಾತು ಆತು, ಈಗ ಬಚ್ಚಲ ನೋಡೂಣ್ರಿ. ಬರೇ ಔಷಧಿ ಸರಿ ಮಾಡಿದ್ರ ಆಯವ್ವ ಎದ್ದು ನಡಿಯೂದಿಲ್ಲ.

ಮನಿಗೆ ಹೋಗಾಕ ಆಗದಿದ್ರ ಮೊಮ್ಮಕ್ಕಳ ಕಡೆಯಿಂದ ಹಾಸಿಗಿಯಿಂದ ಬಚ್ಚಲ ತನಕ ಒಂದ್ ವಿಡಿಯೋ ತರಿಸಿ ನೋಡ್ರಿ. ಹೊಸ್ತಿಲ, ಕಾಲೊರೆಸೋ ಬಟ್ಟಿ, ಹಾಸಿಗಿ ಎತ್ತರ ಎಲ್ಲಾ ಅದ್ರಾಗ ಕಾಣ್ತಾವ. ಮಂಚದ ತುದೀಗೆ ಕುಂತ್ರ ಎರಡೂ ಪಾದ ನೆಲಕ್ಕ ಪೂರ್ತಿ ಮುಟ್ಟಬೇಕು, ಸುಮಾರು 45ರಿಂದ 50 ಸೆಂ.ಮೀ. ನೆಲದ ಮ್ಯಾಲಿನ ಚಾಪಿಯಿಂದ ಮಂಡಿ ಸವದವರಿಗೆ ಏಳಾಕ ಆಗೂದಿಲ್ಲ. ಕಮೋಡ್ ಸೀಟೂ ಅಷ್ಟ ಎತ್ತರ ಇರಲಿ. ದೇಸಿ ಪಾಯಖಾನಿ ಇದ್ರ ಅದರ ಮ್ಯಾಲ ಇಡೂ ಸ್ಟೀಲ್ ಕಮೋಡ್ ಕುರ್ಚಿ ಸಾಕು, ಕಾಲಿಗೆ ರಬ್ಬರ್ ಬುಷ್ ಅದಾವೇನ ನೋಡ್ರಿ, ಅವು ಸವದ್ರ ಹಸಿ ನೆಲದ ಮ್ಯಾಲ ಜಾರತೈತಿ. ಗೋಡೀಗೆ ಹಿಡಿಕಿ ಹಾಕೂದಾದ್ರ ಆಕಿಯ ಬಲಗಡೆ, ಶಕ್ತಿ ಇರೂ ಕೈಗೆ ಸಿಗೂ ಹಂಗ. ನೆಲದಿಂದ 80–90 ಸೆಂ.ಮೀ., ಪೈಪ್ ದಪ್ಪ 3.5 ಸೆಂ.ಮೀ. ಆಸುಪಾಸು. ಟವೆಲ್ ಹಾಕೂ ರಾಡ್ ಹಿಡಿಕಿ ಅಲ್ಲ, ಮೈಭಾರ ಬಿದ್ರ ಕಿತ್ತ ಬರತೈತಿ.

ಕೋಲೂ ಬಲಗೈಯಾಗ. ಎಡಗಾಲ ಸೋತೈತಿ ಅಂತ ಎಡಗೈಗೆ ಕೋಲ ಕೊಡೂದು ಭಾಳ ಮಂದಿ ಮಾಡೂ ತಪ್ಪು. ಕೋಲಿನ ತಲಿ ಮಣಿಕಟ್ಟಿನ ಗೆರಿ ಮಟ್ಟಕ್ಕ ಬರಬೇಕು. ಎಬ್ಬಿಸುವಾಗ ಎಡಗೈ ಹಿಡದ ಜಗ್ಗಬ್ಯಾಡ್ರಿ, ಕಂಕುಳಾಗ ಕೈ ಹಾಕಿ ಎತ್ತಬ್ಯಾಡ್ರಿ, ಲಕ್ವದ ಭುಜ ಕೀಲು ಜಾರತೈತಿ, ಆಮ್ಯಾಲಿನ ನೋವು ತಿಂಗಳಾನುಗಟ್ಟಲೆ ಇರತೈತಿ. ಸೊಂಟಕ್ಕ ಅಗಲ ಬೆಲ್ಟ್ ಇಲ್ಲಾ ಮಡಚಿದ ಪಂಚೆ ಕಟ್ಟಿ ಅದನ್ನ ಹಿಡೀರಿ.

ವ್ಯಾಯಾಮ ಒಂದ: ಗಟ್ಟಿ ಕುರ್ಚಿಯಿಂದ ಎದ್ದು ಕೂರೂದು, ಹತ್ತು ಸಲ, ದಿನಕ್ಕ ಎರಡು ಹೊತ್ತು. ಅಳತಿಗೆ 3 ಮೀಟರ್ ನಡಿಗಿ: ಕುರ್ಚಿಯಿಂದ ಎದ್ದು, ಹೋಗಿ, ತಿರುಗಿ ಬಂದು ಕೂರಾಕ 12 ಸೆಕೆಂಡ್ ಇಲ್ಲಾ ಅದಕ್ಕಿಂತ ಹೆಚ್ಚಾದ್ರ ಬೀಳೂ ಅಪಾಯ ಐತಿ ಅಂತ ತಿಳೀರಿ. ಪ್ರತಿ ಭೇಟಿಗೆ ಬರೀರಿ.

ಡಯಟೀಷಿಯನ್ ಮಂಡ್ಯ

ಇಂಥವರ ಕೈಯಲ್ಲಿ ಮೂರು ಡಯಟ್ ಚಾರ್ಟ್ ಇರುತ್ತವೆ. ಶುಗರಿನವರು ಅನ್ನ ಬೇಡ ಅಂದಿರುತ್ತಾರೆ, ಕಿಡ್ನಿಯವರು ಬೇಳೆ, ಹಣ್ಣು ಬೇಡ ಅಂದಿರುತ್ತಾರೆ, ಇನ್ನೊಬ್ಬರು ಎಣ್ಣೆ ಬೇಡ ಅಂದಿರುತ್ತಾರೆ. ಮೂರನ್ನೂ ಪಾಲಿಸಿದರೆ ಉಳಿಯುವುದು ಗಂಜಿ. ಆರು ತಿಂಗಳಲ್ಲಿ ತೂಕ ಇಳಿಯುತ್ತದೆ, ತೊಡೆಯ ಕಸು ಹೋಗುತ್ತದೆ, ಕುರ್ಚಿಯಿಂದ ಏಳಲಾಗುವುದಿಲ್ಲ. ಆದ್ದರಿಂದ ಮೂರನ್ನೂ ತೆಗೆದಿಟ್ಟು ಒಂದೇ ಬರೆಯಿರಿ.

50 ಕೆ.ಜಿ. ತೂಕಕ್ಕೆ ದಿನಕ್ಕೆ 40 ಗ್ರಾಂ ಪ್ರೋಟೀನ್, ಅದಕ್ಕಿಂತ ಕಡಿಮೆ ಬೇಡ. ಉಪ್ಪು ಎಲ್ಲಾ ಸೇರಿ 5 ಗ್ರಾಂ, ಅಂದರೆ ಒಂದು ಟೀ ಚಮಚ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಬಾಳಕದ ಮೆಣಸಿನಕಾಯಿ ಬಿಟ್ಟರೆ ಅರ್ಧ ಕೆಲಸ ಆಯಿತು. ‘ಕಡಿಮೆ ಸೋಡಿಯಂ ಉಪ್ಪು’ ಮಾತ್ರ ಬೇಡವೇ ಬೇಡ. ಅದರಲ್ಲಿ ಪೊಟ್ಯಾಸಿಯಂ ಇರುತ್ತದೆ, ಟೆಲ್ಮಿಸಾರ್ಟನ್ ಜೊತೆ ಕಿಡ್ನಿ ರೋಗಿಗೆ ಅದು ಅಪಾಯ. ಹಾಗೆಂದು ರಕ್ತದ ಪೊಟ್ಯಾಸಿಯಂ ನೋಡದೆ ಎಲ್ಲ ಹಣ್ಣನ್ನೂ ನಿಲ್ಲಿಸಬೇಡಿ. ಅದು 5.5ರ ಮೇಲಿದ್ದರೆ ಎಳನೀರು, ಬಾಳೆಹಣ್ಣು ನಿಲ್ಲಿಸಿ, ತರಕಾರಿ ಹೆಚ್ಚಿ ಬೇಯಿಸಿ ನೀರು ಬಸಿದು ಬಳಸಲಿ.

ಮುದ್ದೆಯ ಬಗ್ಗೆ ಒಂದು ಮಾತು. ರಾಗಿ ಹಿಟ್ಟು 100 ಗ್ರಾಂನಲ್ಲಿ ಸುಮಾರು 70 ಗ್ರಾಂ ಕಾರ್ಬೋಹೈಡ್ರೇಟೇ. ಮುದ್ದೆ ತಿಂದರೆ ಶುಗರ್ ಏರಲ್ಲ ಅಂತ ಎರಡು ತಿನ್ನುವವರಿದ್ದಾರೆ. ಬಿಡಿಸಬೇಡಿ, ಗಾತ್ರ ಇಳಿಸಿ, ಜೊತೆಗೆ ಗಟ್ಟಿ ಸಾರು ಇರಲಿ. ರಾತ್ರಿ ಊಟ ಬಿಡುವ ಅಭ್ಯಾಸ ಇದೆಯೇ, ಶನಿವಾರ, ಏಕಾದಶಿ ಉಪವಾಸ ಇದೆಯೇ ಎಂದು ಕೇಳಿಕೊಂಡು, ಆ ದಿನ ಯಾವ ಮಾತ್ರೆ ಬಿಡಬೇಕೆಂದು ಹಾಳೆಯಲ್ಲೇ ಬರೆದುಕೊಡಿ.

ಮನೆ ಆರೈಕೆ

ನೋಡಿಕೊಳ್ಳುವವರ ಕಡೆಯಿಂದ ಒಂದು ವಿನಂತಿ. ಮಾತ್ರೆ ದಿನಕ್ಕೆ ಆರು ಹೊತ್ತು ಹಂಚಿರುತ್ತದೆ: ಖಾಲಿ ಹೊಟ್ಟೆ, ತಿಂಡಿಗೆ ಮುಂಚೆ, ತಿಂಡಿ ನಂತರ, ಮಧ್ಯಾಹ್ನ, ರಾತ್ರಿ, ಮಲಗುವಾಗ. ಕೂಲಿಗೋ ಕೆಲಸಕ್ಕೋ ಹೋಗುವ ಸೊಸೆಗೆ ಇದು ಆಗದ ಮಾತು. ಎರಡು ಹೊತ್ತಿಗೆ ತರಬಹುದೇ?

ಮತ್ತೆ, ಎಲ್ಲಾ ಹೇಳಿದ ಮೇಲೆ "ಅರ್ಥ ಆಯ್ತಾ?" ಎಂದು ಕೇಳಬೇಡಿ. ಎಲ್ಲರೂ "ಹೂಂ" ಎನ್ನುತ್ತಾರೆ.

ಎನ್‌ಸಿಡಿ ಸಿಸ್ಟರ್

ನಿಜ ಅಕ್ಕಾ. "ಮನೆಗೆ ಹೋಗಿ ಇದನ್ನ ಹೇಗೆ ಹೇಳ್ತೀರಿ, ಒಂದ್ಸಲ ನನಗೆ ಹೇಳಿ ತೋರ್ಸಿ, ನಾನು ಸರಿಯಾಗಿ ಹೇಳಿದ್ನಾ ಗೊತ್ತಾಗ್ಲಿ" ಅಂತ ಕೇಳಬೇಕು. ಅಲ್ಲಿ ತಪ್ಪು ಹೊರಬರುತ್ತೆ. 1-0-1 ಅಂತ ಬರೆದದ್ದು ಓದೋಕೆ ಬಾರದವರಿಗೆ ಸೂರ್ಯ, ಚಂದ್ರ ಬರೆದು, ಖಾಲಿ ಸ್ಟ್ರಿಪ್ಪಿನ ತುಂಡು ಅದರ ಕೆಳಗೆ ಅಂಟಿಸಿಕೊಡಿ. ಕಂಪನಿ ಬದಲಾಗಿ ಮಾತ್ರೆ ಬಣ್ಣ ಬೇರೆ ಬಂದ ದಿನ ಹಾಳೆಯನ್ನೂ ಬದಲಿಸಬೇಕು, ಇದನ್ನ ಮರೆತರೆ ಎರಡೆರಡು ತಗೊಳ್ತಾರೆ.

ಹೊತ್ತಿನ ವಿಷಯ: ಈ ಪಟ್ಟಿಯಲ್ಲಿ ಉಳಿಯುವ ಮಾತ್ರೆಗಳಲ್ಲಿ ಹೆಚ್ಚಿನವನ್ನ ತಿಂಡಿ ಹೊತ್ತು, ರಾತ್ರಿ ಊಟದ ಹೊತ್ತಿಗೆ ಕೂರಿಸಬಹುದು. ಥೈರಾಯ್ಡ್ ಮಾತ್ರೆ ಇದ್ದರೆ ಮಾತ್ರ ಬೇರೆ, ಅದು ಖಾಲಿ ಹೊಟ್ಟೆಗೆ, ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗೂ ಅದಕ್ಕೂ ನಾಲ್ಕು ಗಂಟೆ ಅಂತರ.

ಸಿಎಚ್‌ಒ ಚಿತ್ರದುರ್ಗ

ಹಳ್ಳಿ ಕಡೆ ಸಮುದಾಯ ಆರೋಗ್ಯಾಧಿಕಾರಿಗಳಾದ (ಸಿಎಚ್‌ಒ) ನಮಗೆ ಬೇಕಾದದ್ದು ಆ ಒಂದು ಹಾಳೆಯ ಜೆರಾಕ್ಸ್ ಮತ್ತು ಕ್ಲಿನಿಕ್ಕಿನ ಒಂದು ಫೋನ್ ನಂಬರ್. ಬದಲಾವಣೆ ಮಾಡಿದ ಏಳು ದಿನದೊಳಗೆ ನಾನೋ ಆಶಾನೋ ಮನೆಗೆ ಹೋಗ್ತೀವಿ, ನಿಂತಾಗಿನ ಬಿಪಿ, ಶುಗರ್, ಪಾದ ನೋಡ್ತೀವಿ. ಹಾಳೆಯಲ್ಲಿ ಎರಡು ವಿಷಯ ಇರಲೇಬೇಕು. ವಾಂತಿ, ಭೇದಿ ಆದ ದಿನ ಟೆಲ್ಮಿಸಾರ್ಟನ್, ಫ್ಯೂರೊಸಮೈಡ್, ಮೆಟ್‌ಫಾರ್ಮಿನ್ ನಿಲ್ಲಿಸಿ, ಊಟ ನೀರು ಸರಿಹೋಗಿ ಒಂದೆರಡು ದಿನದ ಮೇಲೆ ಮತ್ತೆ ಶುರು ಮಾಡುವುದು. ಶುಗರ್ 70ರ ಕೆಳಗಾದರೆ ಮೂರು ಚಮಚ ಸಕ್ಕರೆ ನೀರಲ್ಲಿ ಕದಡಿ ಕುಡಿಸಿ 15 ನಿಮಿಷಕ್ಕೆ ಮತ್ತೆ ನೋಡುವುದು. ಎಚ್ಚರ ಇಲ್ಲದವರ ಬಾಯಿಗೆ ಏನೂ ಹಾಕದೆ 108ಕ್ಕೆ ಕರೆ ಮಾಡುವುದು.

ಪ್ಯಾಲಿಯೇಟಿವ್ ಕೇರ್

ಇನ್ನೂ ಒಂದು ಮಾತನ್ನು ಈ ಕ್ಲಿನಿಕ್ಕಿನಲ್ಲೇ ಆಡಬೇಕು, ಮೂರನೆಯದೋ ನಾಲ್ಕನೆಯದೋ ಭೇಟಿಯಲ್ಲಿ. ಮುಂದೆ ಕಿಡ್ನಿ ಪೂರ್ತಿ ಸೋತರೆ ಡಯಾಲಿಸಿಸ್ ಬೇಕೇ, ಮತ್ತೊಂದು ದೊಡ್ಡ ಲಕ್ವ ಆದರೆ ವೆಂಟಿಲೇಟರ್ ಬೇಕೇ, ತಾವೇ ಹೇಳಲಾಗದಾಗ ತಮ್ಮ ಪರವಾಗಿ ಯಾರು ಹೇಳಬೇಕು. ಐಸಿಯು ಬಾಗಿಲಲ್ಲಿ ನಿಂತು ಮಕ್ಕಳು ಜಗಳವಾಡುವಾಗ ಕೇಳಿದರೆ ರೋಗಿಯ ಉತ್ತರ ಸಿಗುವುದಿಲ್ಲ. ಸುಪ್ರೀಂ ಕೋರ್ಟ್ 2018ರಲ್ಲಿ ಇಂಥ ಮುಂಗಡ ನಿರ್ದೇಶನವನ್ನು ಒಪ್ಪಿತು, 2023ರ ಜನವರಿಯಲ್ಲಿ ವಿಧಾನ ಸರಳಗೊಳಿಸಿತು: ಇಬ್ಬರು ಸಾಕ್ಷಿಗಳ ಎದುರು ಸಹಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ ಸಾಕು. 2025ರ ಜನವರಿಯಲ್ಲಿ ಕರ್ನಾಟಕ ಸರ್ಕಾರವೂ ಸುತ್ತೋಲೆ ಹೊರಡಿಸಿದೆ. ಸಹಿ ಮಾಡಿಸಲೇಬೇಕೆಂದಿಲ್ಲ. ಆಕೆ ಏನೆಂದರು ಎಂಬುದು ಕೇಸ್ ಶೀಟಿನಲ್ಲಿ ದಿನಾಂಕ ಸಮೇತ ಇದ್ದರೆ ಅದೇ ಬಹಳ ಉಪಕಾರಕ್ಕೆ ಬರುತ್ತದೆ. ಆಮೇಲೆ ಮನಸ್ಸು ಬದಲಾದರೆ ಅದೂ ಅವರ ಹಕ್ಕು.

ತಾಲ್ಲೂಕು ವೈದ್ಯ

ಕೊನೆಯ ಪ್ರಶ್ನೆ. ನಾವು ನಿಲ್ಲಿಸಿದ ಮಾತ್ರೆಯನ್ನು ಹೊರಗಿನ ಡಾಕ್ಟರು ಮತ್ತೆ ಬರೆದರೆ?

ಫಾರ್ಮಸಿ ಮೈಸೂರು

ಬರೆಯುತ್ತಾರೆ ಸರ್, ಯಾಕೆ ನಿಂತಿತು ಎಂದು ಅವರಿಗೆ ಗೊತ್ತಿರುವುದಿಲ್ಲ. ಹಾಳೆಯಲ್ಲಿ ಈಗ ಇರುವ ಮಾತ್ರೆಗಳ ಕೆಳಗೆ ‘ನಿಲ್ಲಿಸಿದ್ದು’ ಎಂದು ಬೇರೆ ಕಾಲಂ ಮಾಡಿ. ಔಷಧಿ, ದಿನಾಂಕ, ಕಾರಣ, ನಿಮ್ಮ ನಂಬರ್: "ಅಸೆಕ್ಲೊಫೆನಾಕ್, ಇಜಿಎಫ್‌ಆರ್ 38, ಟೆಲ್ಮಿಸಾರ್ಟನ್ ಜೊತೆ ಬೇಡ, ಅಗತ್ಯ ಎನಿಸಿದರೆ ಕರೆ ಮಾಡಿ." ಮೆಡಿಕಲ್ ಶಾಪಿನವರಿಗೂ ಅದೇ ಹಾಳೆ ತೋರಿಸಲು ಹೇಳಿ. ಹಾಗೇ ನಿಲ್ಲಿಸಿದ ಮಾತ್ರೆಯ ಉಳಿದ ಸ್ಟ್ರಿಪ್ಪುಗಳನ್ನು ಅವತ್ತೇ ಚೀಲದಿಂದ ತೆಗೆದು ಫಾರ್ಮಸಿಯಲ್ಲಿ ಇರಿಸಿಕೊಳ್ಳಿ. ದುಡ್ಡು ಕೊಟ್ಟು ತಂದದ್ದು, ಹಾಳು ಮಾಡುವುದೇಕೆ ಎಂದು ಮನೆಯಲ್ಲಿ ಅದನ್ನೇ ಮುಗಿಸುತ್ತಾರೆ. ಮೊದಲೇ ಕೇಳಿ, ಒಪ್ಪಿಸಿ, ಅವರ ಎದುರಿಗೇ ತೆಗೆಯಿರಿ.